ಹಾರ ಹಾಕಿಸಿಕೊಂಡ ಕಂಬ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತು ಕೇಳಿ. ಹೊಗೆ ಉಗುಳದ ಕರೆಂಟಿನ ವಿಮಾನ ಬರುತ್ತದೆಂದು ಒಂದು ವಿಮಾನ ನಿಲ್ದಾಣದಲ್ಲಿ ಚಾರ್ಜಿಂಗ್ ಕಂಬ ನೆಟ್ಟರು. ತಂತಿ ಎಳೆಯಲು ನೆಲ ಅಗೆದರೆ ಉದ್ಘಾಟನೆಗೆ ಸಾಹೇಬರ ಕಾರು ಬರುವ ಹೊಸ ಡಾಂಬರು ಹಾಳಾಗುತ್ತದಲ್ಲ? ತಂತಿ ಆಮೇಲೆ ನೋಡೋಣ ಎಂದು ಕಂಬಕ್ಕೆ ಹಾರ ಹಾಕಿ, ಟೇಪು ಕತ್ತರಿಸಿ ಹೋದರು. ಕಂಬದ ಎದೆ ಉಬ್ಬಿತು.

ಅಷ್ಟರಲ್ಲಿ ಆ ಪುಟ್ಟ ವಿಮಾನ ಮೇಲಿಂದ ಕೂಗಿತು: "ಕಂಬಣ್ಣಾ, ಊರಿಗೆ ಮರಳುವಷ್ಟೇ ಚಾರ್ಜು ಉಳಿದಿದೆ. ನಿನ್ನಲ್ಲಿ ಕರೆಂಟಿದ್ದರೆ ಇಳಿಯುತ್ತೇನೆ, ಇಲ್ಲದಿದ್ದರೆ ಈಗಲೇ ತಿರುಗುತ್ತೇನೆ."

ಪಕ್ಕದಲ್ಲಿದ್ದ ಎಣ್ಣೆ ಟ್ಯಾಂಕರ್ ಗದರಿತು: "ಅದು ನನ್ನ ಅನ್ನ ಕಸಿಯಲು ಬಂದದ್ದು ಹೌದು, ಆದರೂ ನಿಜ ಹೇಳೋ! ನಿನ್ನ ಬುಡದಲ್ಲಿ ಒಂದೆಳೆ ತಂತಿಯೂ ಇಲ್ಲ."

"ಕೊರಳಿನ ಹಾರ ಇನ್ನೂ ಬಾಡಿಲ್ಲ, ಈಗ ಹೇಗಯ್ಯ ಹೇಳಲಿ?" ಎಂದು ಗೊಣಗಿದ ಕಂಬ, ತಲೆಯೆತ್ತಿ, "ಬಾರಪ್ಪಾ, ಎಲ್ಲ ಸಿದ್ಧ!" ಎಂದಿತು.

ನಂಬಿ ಇಳಿದ ವಿಮಾನ, ಮತ್ತೆ ಏರುವಷ್ಟು ಚಾರ್ಜಿಲ್ಲದೆ, ಮೇಲೇಳಲೇ ಇಲ್ಲ. ಸಾಹೇಬರು ಬಂದು ನೋಡಿ, "ಈ ಜಾತಿಯ ವಿಮಾನವೇ ದಂಡ" ಎಂದು ಷರಾ ಬರೆದರು.

ಕೊನೆಗೆ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹೇರಿ ಕಳಿಸಿದರು. ಅದರ ಬದಲು ಎಣ್ಣೆಯ ವಿಮಾನಗಳನ್ನೇ ಹೆಚ್ಚಿಸಿದ್ದರಿಂದ ಟ್ಯಾಂಕರಿಗೆ ಮೊದಲಿಗಿಂತ ದುಪ್ಪಟ್ಟು ಕೆಲಸವಾಯಿತು. ಕಂಬವೋ? ಅದರ ಪಕ್ಕದಲ್ಲಿ ಅಂಥವೇ ಇನ್ನೆರಡು ನೆಟ್ಟಿದ್ದಾರೆ, ಅವಕ್ಕೂ ತಂತಿಯಿಲ್ಲ.