ನೀರಿನಲ್ಲಿಟ್ಟ ಹರಳು

"ಮನಸ್ಸು ತಿಳಿಯಾದ ಮೇಲೂ ಕಾಯಬೇಕೆ, ಬುದ್ಧಿ?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಬೆಳಗಿನ ಪ್ರವಚನ ಆಗಷ್ಟೇ ಮುಗಿದಿತ್ತು. ಜನ ಎದ್ದು ದಾಸೋಹದ ಮನೆಯ ಕಡೆ ಹೊರಟಿದ್ದರು. ಗುರುಪಾದ ಮಾತ್ರ ಏಳಲಿಲ್ಲ. ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮೂರು ದಿನದಿಂದ ಅವನಿಗೆ ಹೀಗೆಯೇ ಆಗುತ್ತಿತ್ತು. ಗುರುಗಳು ಮಾತಿಗೆ ಕುಳಿತರೆ ಇವನ ಕಣ್ಣು ತುಂಬುತ್ತಿತ್ತು. ಕಣ್ಣು ತುಂಬಿದಾಗಲೆಲ್ಲ ಸಂಸಾರದ ಆಸೆ ಕಳಚಿ ಬಿದ್ದ ಹಾಗೆ ಅನ್ನಿಸುತ್ತಿತ್ತು. ಕಾವಿ ಬಟ್ಟೆಯನ್ನೂ ಚೀಲದಲ್ಲಿ ತಂದಿಟ್ಟುಕೊಂಡಿದ್ದ. ನಾಳೆ ಬೆಳಗ್ಗೆಯೇ ತನಗೆ ಸನ್ಯಾಸ ಕೊಡಬೇಕೆಂದು ಬೇಡಿದ. ಊರಿನಲ್ಲಿ ಅವನಿಗೆ ಹೆಂಡತಿಯಿದ್ದಳು, ಆಗತಾನೇ ನಡೆಯಲು ಕಲಿತ ಮಗಳಿದ್ದಳು.

ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು ಗುರುಗಳು ವಿಚಾರಿಸಿದರು. ಇಲ್ಲ, ಒಳಗೆ ಇಷ್ಟು ಬೆಳಕಾಗಿರುವಾಗ ಇನ್ನೊಬ್ಬರನ್ನು ಕೇಳುವುದೇನಿದೆ ಎಂದ ಗುರುಪಾದ. ಗುರುಗಳು, ಊಟ ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಒಂದು ಕತೆ ಕೇಳು ಎಂದು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗೆ ಹರಳು ಸಾಣೆ ಹಿಡಿಯುವ ಹುಚ್ಚು. ಹೊಟ್ಟೆಪಾಡಿಗಲ್ಲ, ಸುಮ್ಮನೆ ಸಂತೋಷಕ್ಕೆ. ಹೊಳೆಯ ದಂಡೆಯಲ್ಲಿ ಬಣ್ಣದ ಕಲ್ಲು ಸಿಕ್ಕರೆ ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಕಡ್ಡಿಯ ತುದಿಗೆ ಅರಗು ಕಾಯಿಸಿ ಕಲ್ಲನ್ನು ಅಂಟಿಸುವುದು, ಸಾಣೆಯ ಚಕ್ರ ತಿರುಗಿಸುತ್ತ ನೀರು ಚಿಮುಕಿಸುತ್ತ ಉಜ್ಜುವುದು, ಅಡಿ ಚಪ್ಪಟೆ ಮಾಡಿ ಮೇಲೆ ಉಬ್ಬಿಸಿ ಕಡಲೆಬೇಳೆಯ ಆಕಾರಕ್ಕೆ ತರುವುದು. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಇದೇ ಕೆಲಸ.

ಕೆಲಸ ಕಲಿಸಿದ್ದು ಅದೇ ಪೇಟೆಯ ಒಬ್ಬ ಮುದುಕ. ಅವನು ಹುಟ್ಟಿದಂದಿನಿಂದ ಸಾಣೆಯ ಮುಂದೆಯೇ ಕುಳಿತವನು. ಅವನು ಎಲ್ಲವನ್ನೂ ಕಲಿಸಿ ಕೊನೆಗೆ ಒಂದು ಮಾತು ಹೇಳಿದ್ದ. ನೀರಿನಲ್ಲಿರುವಾಗ ಯಾವ ಕಲ್ಲನ್ನೂ ನಂಬಬೇಡ. ಒರೆಸಿ, ಒಣಗಿಸಿ, ಆಮೇಲೆ ನೋಡು. ಒದ್ದೆ ಕಲ್ಲಿನ ಮೇಲೆ ಗೀರೂ ಕಾಣುವುದಿಲ್ಲ, ಬಿರುಕೂ ಕಾಣುವುದಿಲ್ಲ. ನೀರು ಎಲ್ಲವನ್ನೂ ತುಂಬಿ ಮುಚ್ಚಿಬಿಡುತ್ತದೆ.

ವ್ಯಾಪಾರಿ ತಲೆಯಾಡಿಸಿದ್ದ. ಮೊದಲ ಕಲ್ಲನ್ನು ಹಾಗೆಯೇ ಒರೆಸಿ ನೋಡಿದ್ದ ಕೂಡ. ಕೆಂಡದಂತಿದ್ದದ್ದು ಕಣ್ಣೆದುರಿಗೇ ಬೂದಿ ಬಡಿದಂತಾಯಿತು. ಇನ್ನೂ ನಾಲ್ಕು ದಿನ ಉಜ್ಜಬೇಕಿತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ. ಮತ್ತೆ ನೀರಿನಲ್ಲಿ ಅದ್ದಿದ, ಮತ್ತೆ ಹೊಳೆಯಿತು. ಅಂದಿನಿಂದ ಅವನು ಕಲ್ಲು ಒರೆಸುವುದನ್ನೇ ಬಿಟ್ಟ. ಅಂಗಡಿಯ ತುಂಬ ಥಾನುಗಟ್ಟಲೆ ಬಟ್ಟೆ, ಕಲ್ಲು ಒರೆಸಲು ಮಾತ್ರ ಒಂದು ಚಿಂದಿಯೂ ಇಲ್ಲ.

ಮುಗಿದ ಹರಳುಗಳನ್ನೆಲ್ಲ ಅವನು ಒಂದು ಕಂಚಿನ ಬಟ್ಟಲಿನಲ್ಲಿ ನೀರು ತುಂಬಿ ಅದರೊಳಗೆ ಇಡುತ್ತಿದ್ದ. ಬಂದವರಿಗೆ ಬಟ್ಟಲು ತೋರಿಸುತ್ತಿದ್ದ. ಬಂದವರು ಬೆರಗಾಗಿ ಹೊಗಳುತ್ತಿದ್ದರು. ಹೊಗಳಿದರೆ ಉಬ್ಬದವರು ಯಾರು? ಅವನೂ ಉಬ್ಬಿದ. ಅವನ ಹೆಂಡತಿ ಮಾತ್ರ, ನಿಮ್ಮ ಹರಳುಗಳೇನು ಮೀನುಗಳೇ, ನೀರಿನಿಂದ ತೆಗೆದರೆ ಸಾಯುತ್ತವೆಯೇ ಎಂದು ಛೇಡಿಸುತ್ತಿದ್ದಳು. ಅವನಿಗೆ ಅದು ಹಿಡಿಸುತ್ತಿರಲಿಲ್ಲ.

ಹೀಗಿರುವಾಗ ಅವನ ತಂಗಿ ಬಂದಳು. ಗಂಡನನ್ನು ಕಳೆದುಕೊಂಡವಳು. ಆ ಗಂಡ ಬಾವಿ ತೋಡುವ ಕೆಲಸ ಮಾಡುತ್ತಿದ್ದ. ಒಮ್ಮೆ ಆಳದ ಮಣ್ಣಿನಲ್ಲಿ ಅವನಿಗೊಂದು ಕೆಂಪು ಕಲ್ಲು ಸಿಕ್ಕಿತ್ತು. ಮಗಳ ಮದುವೆಗೆ ಇದರ ಉಂಗುರ ಮಾಡಿಸೋಣ ಎಂದು ನಶ್ಯದ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಮದುವೆ ನೋಡಲು ಅವನು ಉಳಿಯಲಿಲ್ಲ, ಕಲ್ಲು ಉಳಿಯಿತು. ಅವನದೆಂದು ಮಗಳಿಗೆ ಕೊಡಲು ಅದೊಂದನ್ನು ಬಿಟ್ಟು ತಂಗಿಯ ಹತ್ತಿರ ಬೇರೇನೂ ಇರಲಿಲ್ಲ.

ಅಣ್ಣ ತಂಗಿ ಇಬ್ಬರೂ ಕಲ್ಲನ್ನು ಮೊದಲು ಮುದುಕನಿಗೆ ತೋರಿಸಿದರು. ಅವನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬಣ್ಣ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ಕೂದಲಿನಷ್ಟು ಸಣ್ಣ ಬಿರುಕಿದೆ, ಅದು ಪೂರ್ತಿ ಸವೆದು ಹೋಗುವವರೆಗೂ ಸಾಣೆ ಹಿಡಿಯಬೇಕು, ಹರಳು ಚಿಕ್ಕದಾದರೂ ಗಟ್ಟಿಯಾಗುತ್ತದೆ ಎಂದ. ತಾನೇ ಮಾಡಿಕೊಡುತ್ತೇನೆ ಎಂದೂ ಹೇಳಿದ. ವ್ಯಾಪಾರಿಗೆ ಅದು ಅವಮಾನವೆನಿಸಿತು. ಮನೆಯಲ್ಲಿ ನಾನಿರುವಾಗ ಇನ್ನೊಬ್ಬರ ಕೈಗೇಕೆ ಎಂದು ಕಲ್ಲನ್ನು ತೆಗೆದುಕೊಂಡು ಬಂದ.

ಅವನು ಪ್ರೀತಿಯಿಂದಲೇ ಉಜ್ಜಿದ, ಅದರಲ್ಲಿ ಸುಳ್ಳಿಲ್ಲ. ಒಂದು ವಾರ ಅಂಗಡಿಯನ್ನೇ ಮರೆತ. ಕಲ್ಲು ದುಂಡಗಾಯಿತು, ನುಣುಪಾಯಿತು. ಎತ್ತಿ ನೀರಿನಲ್ಲಿ ಅದ್ದಿ ನೋಡಿದರೆ ಬಿರುಕು ಇಲ್ಲ. ಮಾರನೆಯ ದಿನ ನೋಡಿದ, ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರು ದಿನ ನೋಡಿದ, ಮೂರು ದಿನವೂ ಒದ್ದೆಯಲ್ಲೇ ನೋಡಿದ. ಒಮ್ಮೆ ಒರೆಸಬೇಕೆಂದು ಮನಸ್ಸಿಗೆ ಬಂದದ್ದುಂಟು. ಕೈ ಮುಂದೆ ಹೋಗಲಿಲ್ಲ. ಒರೆಸಿದರೆ ಏನು ಕಂಡೀತೋ ಎಂಬ ಹೆದರಿಕೆಗೆ ಅವನು ನಂಬಿಕೆ ಎಂದು ಹೆಸರಿಟ್ಟುಕೊಂಡ.

ಮದುವೆಗೆ ಒಂದೇ ದಿನ ಉಳಿದಿತ್ತು. ಹರಳನ್ನು ಚಿಕ್ಕ ಚೊಂಬಿನ ನೀರಿನಲ್ಲಿ ಹಾಕಿಕೊಂಡು ಅಕ್ಕಸಾಲಿಯ ಅಂಗಳಕ್ಕೆ ಹೋದ. ತಂಗಿ ಬಂದಿದ್ದಳು, ಮದುಮಗಳು ಬಂದಿದ್ದಳು, ಬೀಗರ ಕಡೆಯ ಇಬ್ಬರು ಹೆಂಗಸರೂ ನೋಡಲು ಬಂದಿದ್ದರು. ಚೊಂಬಿನಿಂದ ಹರಳು ಹೊರಗೆ ಬಂದಾಗ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಅಕ್ಕಸಾಲಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಉಂಗುರವನ್ನು ಅರಗಿನ ಮೇಲೆ ಕೂರಿಸಿಕೊಂಡು ಸಿದ್ಧನಾಗಿದ್ದ. ಒರೆಸಲೆಂದು ಬಟ್ಟೆಗೆ ಕೈಹಾಕಿದ.

"ಯಜಮಾನ್ರೆ, ಒಣಗಿಸಿ ನೋಡಿದೀರಾ?" ಎಂದು ಕೇಳಿದ.

"ಮೂರು ದಿನದಿಂದ ನೋಡ್ತಾನೇ ಇದೀನಿ. ಒರೆಸಬೇಡ, ಗೀರು ಬಿದ್ದೀತು. ನೀನು ಕೂರಿಸು" ಎಂದ ವ್ಯಾಪಾರಿ.

ಅಕ್ಕಸಾಲಿ ಹರಳನ್ನು ಉಂಗುರದ ಗೂಡಿನಲ್ಲಿ ಕೂರಿಸಿದ. ಸುತ್ತಲೂ ಎದ್ದು ನಿಂತಿದ್ದ ಚಿನ್ನದ ಅಂಚನ್ನು ಉಕ್ಕಿನ ಕಡ್ಡಿಯಿಂದ ಹರಳಿನ ಮೇಲಕ್ಕೆ ಬಗ್ಗಿಸಬೇಕು, ನಾಲ್ಕು ಕಡೆಯಿಂದ ಬಲವಾಗಿ ಅದುಮಬೇಕು. ಮೊದಲನೆಯ ಕಡೆ ಅದುಮಿದ. ಅಂಚು ಬಗ್ಗಿ ಕೂತಿತು.

ಪಕ್ಕದಲ್ಲೇ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಆ ಶಾಖಕ್ಕೆ ಹರಳಿನ ಮೇಲಿನ ನೀರು ಆರತೊಡಗಿತು. ಹೊಳಪು ಅಂಚಿನಿಂದ ನಡುವಿಗೆ ಸರಿಯಿತು, ನಡುವಿನಿಂದಲೂ ಹೋಯಿತು. ಎಲ್ಲ ಆರಿದ ಮೇಲೆ ಒಂದು ಕಡೆ ಮಾತ್ರ ಸಣ್ಣ ಕಪ್ಪು ಗೆರೆ ಆರದೆ ಉಳಿಯಿತು. ಬಿರುಕಿನೊಳಗೆ ಹೊಕ್ಕ ನೀರು ಕೊನೆಗೆ ಆರುತ್ತದೆ.

ಅದನ್ನು ನೋಡಿದ್ದು ವ್ಯಾಪಾರಿಯೊಬ್ಬನೇ. ಅಕ್ಕಸಾಲಿಯ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಹೆಂಗಸರು ಉಂಗುರದ ಚಿನ್ನ ನೋಡುತ್ತಿದ್ದರು. ಅಕ್ಕಸಾಲಿ ಎರಡನೆಯ ಕಡೆಗೆ ಕಡ್ಡಿ ಇಟ್ಟ. ನಿಲ್ಲಿಸು ಎಂಬ ಒಂದು ಮಾತು ಸಾಕಾಗಿತ್ತು. ವ್ಯಾಪಾರಿ ತಲೆ ಎತ್ತಿದ. ಬೀಗರ ಹೆಂಗಸರು ಕುಳಿತಿದ್ದರು. ಮುದುಕನೆದುರು ತಾನು ಆಡಿದ ಮಾತು ಅವನಿಗೆ ನೆನಪಾಯಿತು. ನಿಲ್ಲಿಸಿದರೆ ಹರಳು ಉಳಿಯುತ್ತದೆ, ತನ್ನ ಹೆಸರು ಹೋಗುತ್ತದೆ. ಅಕ್ಕಸಾಲಿ ಎರಡನೆಯ ಕಡೆ ಅದುಮಿದ. ಏನೂ ಆಗಲಿಲ್ಲ.

ಆಗಲಿಲ್ಲವಲ್ಲ, ಹೀಗೆಯೇ ದಾಟಿಹೋದರೂ ಹೋದೀತು ಎಂದು ವ್ಯಾಪಾರಿ ದೇವರಿಗೆ ಹರಕೆ ಹೊತ್ತ. ಮದುಮಗಳು ನಗುತ್ತ ಬೆರಳನ್ನು ಮುಂದೆ ಚಾಚಿ ಅಳತೆ ನೋಡಿಕೊಳ್ಳುತ್ತಿದ್ದಳು. ಅಕ್ಕಸಾಲಿ ಉಂಗುರವನ್ನು ತಿರುಗಿಸಿ ಮೂರನೆಯ ಕಡೆಗೆ ಕಡ್ಡಿ ಇಟ್ಟ. ಕಪ್ಪು ಗೆರೆ ಇದ್ದದ್ದು ಅದೇ ಕಡೆ. ವ್ಯಾಪಾರಿಯ ಬಾಯಿ ತೆರೆಯಿತು.

ಟಕ್ ಎಂದಿತು. ಅಷ್ಟೇ. ದೊಡ್ಡ ಸದ್ದೇನೂ ಅಲ್ಲ.

ಅಕ್ಕಸಾಲಿ ಕೈ ಹಿಂದಕ್ಕೆ ತೆಗೆದ. ಹರಳು ಗೂಡಿನಲ್ಲೇ ಎರಡು ಹೋಳಾಗಿತ್ತು. ತಂಗಿ ಹೋಳುಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಕೂಡಿಸಿ ನೋಡಿದಳು. ಆಮೇಲೆ ಅಣ್ಣನ ಮುಖ ನೋಡಿದಳು.

"ಅಣ್ಣಾ, ನಿಂಗೆ ಕಾಣ್ಲೇ ಇಲ್ವಾ?"

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ಎಲ್ಲರೂ ನಂಬುತ್ತಿದ್ದರು. ಆದರೆ ಅವಳ ಮುಖ ನೋಡಿದ ಮೇಲೆ ಅವನಿಗೆ ಆ ಸುಳ್ಳು ಹೇಳಲಾಗಲಿಲ್ಲ.

"ಕಂಡಿತು ಕಣಮ್ಮ" ಎಂದ. "ಆರಿದ ಮೇಲೆ ಕಂಡಿತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಗಳ ಕೈ ಹಿಡಿದು ಎದ್ದು ಹೋದಳು. ಮಾರನೆಯ ದಿನ ಮದುವೆ ನಡೆಯಿತು. ಹುಡುಗಿ ಉಂಗುರ ಹಾಕಿಕೊಂಡಳು. ಅದರ ಗೂಡು ಖಾಲಿಯಿತ್ತು. ಅಕ್ಷತೆ ಹಾಕಲು ಬಂದವರು ಅವಳ ಮುಖ ನೋಡುವ ಮೊದಲು ಬೆರಳು ನೋಡಿದರು.

ಮದುವೆಯಿಂದ ಮನೆಗೆ ಬಂದವನೇ ವ್ಯಾಪಾರಿ ಕಂಚಿನ ಬಟ್ಟಲನ್ನು ಎತ್ತಿ ಅಂಗಳದಲ್ಲಿ ಬೋರಲು ಹಾಕಿದ. ನೀರು ಹರಿದುಹೋಯಿತು. ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಇಷ್ಟು ವರ್ಷ ಊರಿನವರು ಹೊಗಳಿದ್ದ ಹರಳುಗಳು ಅವನ ಕಣ್ಣೆದುರಿಗೆ ಒಂದೊಂದಾಗಿ ಒಣಗಿದವು. ಅವನು ಕೊನೆಯದು ಒಣಗುವವರೆಗೂ ಕುಳಿತೇ ಇದ್ದ. ಒಂದಾದರೂ ಹೊಳೆಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ದಾಸೋಹದ ಮನೆಯಿಂದ ತಟ್ಟೆಗಳ ಸದ್ದು ಕೇಳುತ್ತಿತ್ತು. ಗುರುಪಾದನಿಗೆ ಆ ತಂಗಿಯನ್ನು ನೆನೆದು ಎದೆ ಭಾರವಾಗಿತ್ತು, ವ್ಯಾಪಾರಿಯ ಮೇಲೆ ಸಿಟ್ಟೂ ಬಂದಿತ್ತು. ಅವನ ಕಣ್ಣಿನಿಂದ ಮತ್ತೆ ನೀರು ಇಳಿಯಿತು.

"ಎಂಥ ಮನುಷ್ಯ, ಬುದ್ಧಿ" ಎಂದ. "ಒಂದು ಸಲ ಒರೆಸಿ ನೋಡಿದ್ದರೆ ಆ ಹೆಣ್ಣುಮಗಳ ಬಾಳಿನ ಒಂದೇ ಒಂದು ಕಲ್ಲು ಉಳಿಯುತ್ತಿತ್ತು."

ಗುರುಗಳು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಅವನ ಮುಂದೆ ಹಿಡಿದರು.

"ಹಾಗಾದರೆ ಕಣ್ಣು ಒರೆಸಿಕೊಂಡು, ಸನ್ಯಾಸ ಬೇಕೆಂದು ಇನ್ನೊಂದು ಸಲ ಕೇಳು."

ಗುರುಪಾದ ವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡ, ಕಣ್ಣಿಗೆ ಒಯ್ಯಲಿಲ್ಲ.