ಅಂಬಿಗನ ತಪ್ಪೊಪ್ಪಿಗೆ

ಶಿಷ್ಯ ಕೇಳಿದ: "ಗುರುಗಳೇ, ಅಪರಾಧಿ ತಾನೇ ತಪ್ಪೊಪ್ಪಿಕೊಂಡ ಮೇಲೆ ನ್ಯಾಯಾಧಿಪತಿ ಅವನ ಮನಸ್ಸನ್ನು ಕೆದಕುವುದೇಕೆ? ಶಿಕ್ಷೆ ವಿಧಿಸಿದರೆ ಸಾಲದೇ?"

ಗುರುಗಳು ಹೇಳಿದರು:

ಹೊಳೆಯ ದಡದ ಒಂದು ಪಟ್ಟಣದಲ್ಲಿ ಒಬ್ಬ ನ್ಯಾಯಾಧಿಪತಿಯಿದ್ದ. ಲಂಚಕ್ಕೆ ಬಗ್ಗದವನು, ಮುಖ ನೋಡಿ ಮಣೆ ಹಾಕದವನು. ಸುಳ್ಳುಗಾರನನ್ನು ಕಣ್ಣಲ್ಲೇ ಗುರುತಿಸಬಲ್ಲೆನೆಂಬ ನಂಬಿಕೆ ಅವನಿಗಿತ್ತು. ಆ ನಂಬಿಕೆ ಬಹುಮಟ್ಟಿಗೆ ನಿಜವೂ ಆಗಿತ್ತು.

ಒಂದು ದಿನ ಒಬ್ಬ ಅಂಬಿಗ ತಾನಾಗಿಯೇ ನ್ಯಾಯಸಭೆಗೆ ಬಂದು ಅವನ ಕಾಲಿಗೆ ಬಿದ್ದ. ಅಣ್ಣನನ್ನು ದೋಣಿಯಿಂದ ಹೊಳೆಗೆ ತಳ್ಳಿ ಕೊಂದವನು ತಾನು, ತನ್ನನ್ನು ಗಲ್ಲಿಗೇರಿಸಬೇಕು ಎಂದ. ಅಣ್ಣ ಮುಳುಗಿ ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಯಾವ ಸುಳಿಯ ಬಳಿ ತಳ್ಳಿದ, ಅಣ್ಣ ಹೇಗೆ ತಿರುಗಿ ನೋಡಿದ ಎಂಬುದನ್ನೆಲ್ಲ ಅಂಬಿಗ ತಡವರಿಸದೆ ಹೇಳಿದ. ನ್ಯಾಯಾಧಿಪತಿ ಅವನ ಕಣ್ಣು ನೋಡಿದ. ಅಲ್ಲಿ ಸುಳ್ಳಿರಲಿಲ್ಲ. ಗಲ್ಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ, ಅಂಬಿಗನ ಹಿಂದೆಯೇ ಸಭೆಗೆ ಬಂದಿದ್ದ ಸತ್ತವನ ಹೆಂಡತಿ ಎದ್ದು ನಿಂತಳು.

"ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಇವನು ಚಾಪೆ ಬಿಟ್ಟು ಎದ್ದಿಲ್ಲ, ಒಡೆಯಾ. ಹಣೆಗೆ ಒದ್ದೆಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತಿದ್ದವಳು ನಾನು. ಗಂಡನನ್ನು ಕೊಂದವನನ್ನು ಉಳಿಸಿ ನನಗೇನಾಗಬೇಕು?"

ಉಳಿದದ್ದನ್ನೂ ಅವಳೇ ಹೇಳಿದಳು. ಹಿಂದಿನ ದಿನ ಅಣ್ಣತಮ್ಮಂದಿರು ಜಗಳವಾಡಿದ್ದರು. ಹೊಳೆ ನಿನ್ನನ್ನು ನುಂಗಲಿ ಎಂದು ತಮ್ಮ ಶಪಿಸಿದ್ದ. ಸಾವಿನ ಸುದ್ದಿ ಬಂದಾಗ ಅವನು ಅಳಲಿಲ್ಲ. ತನ್ನ ಕೈಗಳನ್ನೇ ನೋಡುತ್ತ ಕೂತ. ದೋಣಿಯಲ್ಲಿ ಅಣ್ಣ ಒಬ್ಬನೇ ಇದ್ದುದನ್ನು ಕಂಡಿದ್ದೇವೆ ಎಂದು ಆಚೆ ದಡದ ಬೆಸ್ತರೂ ನುಡಿದರು.

ಅಂಬಿಗ ಮಾತ್ರ ಒಪ್ಪಲಿಲ್ಲ. "ಅತ್ತಿಗೆಗೆ ನನ್ನ ಮೇಲೆ ಕರುಣೆ, ಅದಕ್ಕೇ ಹೀಗೆ ಹೇಳುತ್ತಾಳೆ. ಅಣ್ಣನ ಬೆನ್ನು ಈ ಅಂಗೈಗೆ ಇನ್ನೂ ತಾಗುತ್ತಿದೆ," ಎಂದ.

ನ್ಯಾಯಾಧಿಪತಿಯ ಮೈ ನವಿರೆದ್ದಿತು. ಸತ್ಯ ಹೇಳುವವರನ್ನು ಅವನು ಕಂಡಿದ್ದ, ಸುಳ್ಳು ಹೇಳುವವರನ್ನೂ ಕಂಡಿದ್ದ. ಒಂದಿಷ್ಟೂ ಸುಳ್ಳಾಡದೆ, ನಡೆಯದೇ ಹೋದದ್ದನ್ನು ನೆನಪಿಟ್ಟುಕೊಂಡವನನ್ನು ಕಂಡಿರಲಿಲ್ಲ. ಆಳ ತಿಳಿಯದ ನೀರಿನ ಅಂಚಿನಲ್ಲಿ ನಿಂತವನಂತೆ ಅವನು ಅಂಬಿಗನನ್ನು ನೋಡಿದ. ತಪ್ಪೊಪ್ಪಿಗೆಯ ಮಾತೊಂದನ್ನೇ ನಂಬಿ ತಾನು ಗಲ್ಲಿಗೆ ಕಳಿಸಿದವರ ಮುಖಗಳು ನೆನಪಾದವು.

ನಿರಪರಾಧಿ ಎಂದು ತೀರ್ಪಾಯಿತು. ಕಾವಲಿನವರು ದಾರಿ ಬಿಟ್ಟರು. ಅಂಬಿಗ ಕದಲಲಿಲ್ಲ. ನ್ಯಾಯಾಧಿಪತಿ ತೀರ್ಪನ್ನು ಮತ್ತೊಮ್ಮೆ ಹೇಳಿದರೂ ಕದಲಲಿಲ್ಲ. ಕೊನೆಗೆ ಅತ್ತಿಗೆ ಹತ್ತಿರ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಆಗ ಅವನು ಅಣ್ಣನಿಗಾಗಿ ಮೊದಲ ಸಲ ಅತ್ತ. ಅವಳ ಹಿಂದೆ ಮನೆಗೆ ನಡೆದ. ಅವರು ಕಣ್ಮರೆಯಾಗುವವರೆಗೂ ನ್ಯಾಯಾಧಿಪತಿ ಪೀಠದಿಂದೆದ್ದು ನಿಂತೇ ಇದ್ದ.

ಕತೆ ಮುಗಿಯಿತು. ಆ ಅಂಬಿಗನದು ವಿಚಿತ್ರ ಮನಸ್ಸು ಎಂದ ಶಿಷ್ಯ.

ಗುರುಗಳು ಕೇಳಿದರು: "ನೀನು ಒಳಗೊಳಗೇ ಶಿಕ್ಷೆ ಅನುಭವಿಸುತ್ತಿರುವ ತಪ್ಪುಗಳಲ್ಲಿ ನಿಜವಾಗಿ ನಡೆದದ್ದು ಎಷ್ಟು, ಮಗು?"

ಶಿಷ್ಯ ತನ್ನ ಕೈಗಳನ್ನೇ ನೋಡಿಕೊಂಡ.