ಕೆರೆಯ ಹೂಳೆತ್ತಿಸಿದ ನರಿ

ಬಿದಿರು ಮೆಳೆಗಳು ತುಂಬಿದ ಕಾಡೊಂದರಲ್ಲಿ ಒಂದು ಕೆರೆಯಿತ್ತು. ಅದರ ದಡದ ಬಿಲದಲ್ಲಿ ಮಿಂಚಿ ಎಂಬ ನೀರುನಾಯಿ ತನ್ನ ಮರಿಗಳೊಂದಿಗೆ ವಾಸವಾಗಿದ್ದಳು. ದಡದಿಂದ ನೋಡಿದವರಿಗೆ ಕೆರೆ ತುಂಬಿದಂತೆ ಕಾಣುತ್ತಿತ್ತು. ಮುಳುಗಿ ನೋಡುವ ಮಿಂಚಿಗೆ ಮಾತ್ರ ನಿಜ ಗೊತ್ತಿತ್ತು. ಮೇಲೆ ಒಂದಿಷ್ಟು ನೀರು, ಕೆಳಗೆ ಬರೀ ಹೂಳು! ಹಿಂದಿನ ಬೇಸಿಗೆಯಲ್ಲಿ ನೀರು ಬತ್ತಿ ಅವಳ ಒಂದು ಮರಿ ಸತ್ತೇ ಹೋಗಿತ್ತು. ಈ ಸಲವೂ ಹಾಗೇ ಆದರೆ ಉಳಿದ ಮರಿಗಳ ಗತಿಯೇನು?

ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ಪ್ರಾಣಿಗಳೆಲ್ಲ ತಾವು ಗಳಿಸಿದ ಜೇನು, ಗೆಡ್ಡೆ, ಒಣಗಿಸಿದ ನೆಲ್ಲಿಕಾಯಿ, ಹಲಸಿನ ಬೀಜಗಳಲ್ಲಿ ಒಂದು ಭಾಗವನ್ನು ಬಂಡೆಯಡಿಯ ಕಣಜಕ್ಕೆ ತಂದು ಹಾಕಬೇಕು. ಬೇಸಿಗೆಗೆ ಮೊದಲು ಹುಲಿರಾಯ ಸಭೆ ಕರೆದು, ಯಾವ ಕೆಲಸಕ್ಕೆ ಎಷ್ಟು ಪಾಲು ಎಂದು ಹೇಳುತ್ತಿದ್ದ. ಗುಹೆ ರಿಪೇರಿಗೆ ಪಾಲು, ಕಾವಲಿಗೆ ಪಾಲು, ರಾಯರ ಹುಟ್ಟುಹಬ್ಬಕ್ಕೂ ಪಾಲು. ಕೆರೆಗೆ? ಊಹೂಂ! "ಮಳೆ ಬಂದರೆ ತಾನೇ ತುಂಬುತ್ತೆ ಬಿಡಿ" ಎಂದು ಎಲ್ಲರೂ ನಕ್ಕುಬಿಡುತ್ತಿದ್ದರು.

ಈ ವರ್ಷ ಮಿಂಚಿ ಬಿಡಲಿಲ್ಲ. ಮನೆಮನೆಗೆ ಹೋದಳು. "ಈ ಸಲ ಕೆರೆಗೂ ಒಂದು ಪಾಲು ಕೇಳೋಣ, ಹೂಳು ತೆಗೆಸೋಣ" ಎಂದಳು.

ಕಣಜ ಕಾಯುವ ಕರಡಿ ಬೊಮ್ಮಣ್ಣ ಕಣ್ಣು ಕಿರಿದು ಮಾಡಿದ. "ಕೆರೆಗೋ, ನಿನ್ನ ಮೀನಿಗೋ? ನಿಜ ಹೇಳಮ್ಮ!"

"ಮೀನು ನನಗೆ ಬೇಕು ಬೊಮ್ಮಣ್ಣ, ಇಲ್ಲ ಅನ್ನಲ್ಲ. ನೀರು ನಿಮಗೂ ಬೇಡವಾ?"

ಬೊಮ್ಮಣ್ಣ ತಲೆ ಕೊಡವಿ ಕಣಜದ ಕಡೆ ನಡೆದ. ಅವಳ ಮಾತನ್ನು ನಂಬಲಿಲ್ಲ.

ಸಭೆಯ ದಿನ ಬಂತು. ಮಿಂಚಿ ಎದ್ದು ಮಾತಾಡಿದಳು. ಯಾರೂ ತಲೆ ಎತ್ತಿ ನೋಡಲಿಲ್ಲ. ಅಷ್ಟರಲ್ಲಿ ನಾಣಿ ಎಂಬ ನರಿ ಮುಂದೆ ಬಂದು ಎದೆ ಬಡಿದುಕೊಂಡ. "ಅಯ್ಯೋ, ನಮ್ಮ ಕೆರೆ! ನಮ್ಮ ತಾಯಿ ಅದು! ಒಂದು ಪಾಲು ಎಲ್ಲಿ ಸಾಲುತ್ತೆ ರಾಯರೇ? ಅರ್ಧ ಕಣಜವನ್ನೇ ಕೊಡಿ! ಗುಡ್ಡದಾಚೆ ನನ್ನ ಗೆಳೆಯರು ಕಾಡುಹಂದಿಗಳಿದ್ದಾರೆ. ಮಣ್ಣು ತೋಡುವುದರಲ್ಲಿ ಎತ್ತಿದ ಕೈ! ಪಾಲನ್ನು ನನ್ನ ಬಿಲಕ್ಕೆ ಕಳಿಸಿ, ಅವರಿಗೆ ಊಟ ಹಾಕಿ ಕೆಲಸ ಮಾಡಿಸುವ ಹೊಣೆ ನನ್ನದು. ಆದರೆ ಪಾಪ, ಅವರಿಗೆ ನಿಮ್ಮನ್ನು ಕಂಡರೆ ಭಯ. ರಾತ್ರಿ ಬಂದು ರಾತ್ರಿಯೇ ಹೋಗ್ತಾರೆ. ಯಾರೂ ಆ ಕಡೆ ಸುಳೀಬಾರದು."

ಸಭೆ ತಲೆದೂಗಿತು. ಮಿಂಚಿಯ ಮೀಸೆ ಮಾತ್ರ ನಿಮಿರಿತು. ಕೆರೆಯ ಕಡೆ ತಿರುಗಿಯೂ ನೋಡದವನಿಗೆ ಇವತ್ತೇನಿದು ಇಷ್ಟೊಂದು ಪ್ರೀತಿ? ಹುಲಿ ಇರುವ ಕಾಡಿಗೆ ಹಂದಿಗಳು ತಾವಾಗಿ ಬರುತ್ತವಂತೆ! ಕಿವಿಗೆ ಹೂ ಇಡುತ್ತಿದ್ದಾನೆ ಇವನು! ಆದರೆ ಈಗ ಬಾಯಿ ಬಿಟ್ಟರೆ ಕೆರೆಗೆ ಸಿಗುವ ಪಾಲೇ ತಪ್ಪಿಹೋದೀತು. ಮರಿಗಳ ಮುಖ ನೆನಪಾಗಿ ಅವಳು ಸುಮ್ಮನಾದಳು.

"ಆಗಲಿ" ಎಂದ ಹುಲಿರಾಯ. "ನಮ್ಮ ಪದ್ಧತಿ ಗೊತ್ತಲ್ಲ ನಾಣಿ? ಗುಹೆ ರಿಪೇರಿ ಮಾಡಿಸಿದವನು ಮೊದಲು ಅದರಲ್ಲಿ ಮಲಗಬೇಕು. ಹಾಗೆಯೇ ಕೆರೆ ತೋಡಿಸಿದವನು ಮೊದಲು ಅದರಲ್ಲಿ ಮೀಯಬೇಕು."

"ಓಹೋ, ಧಾರಾಳವಾಗಿ!" ಎಂದ ನಾಣಿ.

ಅಂದಿನಿಂದ ಮಿಂಚಿ ರಾತ್ರಿಯಿಡೀ ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಒಂದು ಹಂದಿಯ ಗುಟುರಿಲ್ಲ, ದಡದಲ್ಲಿ ಒಂದು ಗೊರಸಿನ ಗುರುತಿಲ್ಲ. ನಾಣಿಯ ಹೊಟ್ಟೆ ಮಾತ್ರ ದಿನೇದಿನೇ ದುಂಡಗಾಗುತ್ತಿತ್ತು.

"ಹಂದಿಗಳೆಲ್ಲಿ ನಾಣಿ ಮಾವ?" ಎಂದು ಕೇಳಿದಳು.

"ನಿನ್ನೆ ನಡುಗೆರೆಯಲ್ಲಿ ತೋಡಿ ಹೋದರಲ್ಲಮ್ಮ! ನೀನು ಗೊರಕೆ ಹೊಡೀತಿದ್ದೆ."

ಮಿಂಚಿ ನಡುಗೆರೆಗೆ ಈಜಿ ಮುಳುಗಿ ನೋಡಿದಳು. ಹೂಳು ಇದ್ದಂತೆಯೇ ಇತ್ತು. ಓಡಿಹೋಗಿ ಬೊಮ್ಮಣ್ಣನಿಗೆ ಹೇಳಿದಳು.

"ಪಾಲು ಸಿಗದಿದ್ದಾಗ ಅಳ್ತಿದ್ದೆ, ಸಿಕ್ಕ ಮೇಲೂ ಕೊಂಕು ತೆಗೀತೀಯಲ್ಲ ತಾಯಿ!" ಎಂದು ಅವನು ಮುಖ ತಿರುಗಿಸಿದ. ಮಿಂಚಿಗೆ ಅಳು ಬಂತು. ನೀರಿನಡಿ ಮುಳುಗಿ ನೋಡಬಲ್ಲವರು ಆ ಕಾಡಿನಲ್ಲಿ ಬೇರೆ ಯಾರಿದ್ದರು? ಅವಳ ಮಾತಿಗೆ ಸಾಕ್ಷಿಯೇ ಇರಲಿಲ್ಲ.

ಬಿಸಿಲು ಏರತೊಡಗಿತು. ಒಂದು ದಿನ ನಾಣಿ ರಾಯರ ಮುಂದೆ ನಿಂತು, "ಕೆಲಸ ಮುಗಿಯಿತು ಪ್ರಭು. ನಡುಗೆರೆ ಈಗ ಆನೆ ಮುಳುಗುವಷ್ಟು ಆಳ!" ಎಂದ.

ಮಿಂಚಿ ಮುಂದೆ ಬಂದು ಕೈಮುಗಿದಳು. "ರಾಯರೇ, ಪದ್ಧತಿ ನಡೆಯಲಿ. ಮಾವ ಎಲ್ಲಿ ತೋಡಿಸಿದರೋ ಅಲ್ಲೇ ಮೀಯಲಿ. ನಾವೆಲ್ಲ ದಡದಲ್ಲಿ ನಿಂತು ನೋಡ್ತೀವಿ."

ನಾಣಿ ಒಳಗೊಳಗೇ ನಕ್ಕ. ಇರುವುದೇ ಒಂದಿಷ್ಟು ನೀರು. ಬಗ್ಗಿ ತಲೆ ಒದ್ದೆ ಮಾಡಿಕೊಂಡು 'ಅಬ್ಬಾ, ಎಂಥ ಆಳ!' ಅಂದರಾಯಿತು ಎಂದುಕೊಂಡ. ಎಲ್ಲರೂ ಕೆರೆಗೆ ಹೋದರು. ಅವನು ಠೀವಿಯಿಂದ ನಡುಗೆರೆಗೆ ಈಜಿ ಹೋಗಿ ಕಾಲು ಊರಿದ. ಕಾಲು ನಿಲ್ಲಲಿಲ್ಲ. ಪುಸಕ್ಕನೆ ಹೂಳಿನಲ್ಲಿ ಇಳಿಯಿತು. ಒದ್ದಾಡಿದಷ್ಟೂ ಹೂಳು ಅವನನ್ನು ಒಳಗೆಳೆಯಿತು.

"ಅಯ್ಯಯ್ಯೋ, ಹೂಳು! ಕಾಪಾಡ್ರಪ್ಪೋ!"

"ಯಾವ ಹೂಳೋ? ನಿನ್ನ ಹಂದಿಗಳು ಎತ್ತಿದ್ದಾವಲ್ಲ?" ಎಂದು ಹುಲಿರಾಯ ಗರ್ಜಿಸಿದ.

"ಹಂದಿಯೂ ಇಲ್ಲ ಏನೂ ಇಲ್ಲ, ತಪ್ಪಾಯ್ತು! ನಾನು ತಿಂದು ಉಳಿದದ್ದು ನನ್ನ ಬಿಲದಲ್ಲಿದೆ!"

ಬೊಮ್ಮಣ್ಣನ ಮುಖ ಸಪ್ಪಗಾಯಿತು. ಉದ್ದನೆಯ ಬಿದಿರೊಂದನ್ನು ಚಾಚಿ ನಾಣಿಗೆ ಹಿಡಿದುಕೊಳ್ಳಲು ಕೊಟ್ಟ. ಆದರೆ ಎಳೆದರೆ ಅವನು ಬರಲೊಲ್ಲ. ಹೂಳು ತೆಗೆಯದೆ ದಾರಿಯೇ ಇರಲಿಲ್ಲ. ಬಿಲದಲ್ಲಿದ್ದ ಜೇನು, ಗೆಡ್ಡೆ ಎಲ್ಲ ದಡಕ್ಕೆ ಬಂತು. ಕಾಡಿಗೆ ಕಾಡೇ ದಡದ ಕಡೆಯಿಂದ ಹೂಳು ತೋಡುತ್ತಾ ಕೆರೆಗಿಳಿಯಿತು. ದಣಿದವರು ತಿಂದರು, ತಿಂದವರು ಮತ್ತೆ ತೋಡಿದರು. ನಾಣಿ ಕುತ್ತಿಗೆವರೆಗೆ ಕೆಸರಿನಲ್ಲಿ ಕೂತು, ತಾನು ಬಚ್ಚಿಟ್ಟ ಜೇನನ್ನು ಅವರೆಲ್ಲ ನೆಕ್ಕುವುದನ್ನು ಪಿಳಿಪಿಳಿ ನೋಡಬೇಕಾಯಿತು. ಹೊರಬಂದ ಮೇಲೂ ಅವನಿಗೆ ಬಿಡುಗಡೆಯಿರಲಿಲ್ಲ. ಮಳೆ ಬರುವವರೆಗೆ ಹೂಳು ಹೊತ್ತು ಹೊತ್ತು ಅವನ ಹೊಟ್ಟೆ ಕರಗಿತು.

ಆ ಬೇಸಿಗೆ ಕೆರೆ ಬತ್ತಲಿಲ್ಲ. ಮಿಂಚಿಯ ಮರಿಗಳು ನಡುಗೆರೆಯಲ್ಲಿ ಮುಳುಗಿ ಎದ್ದು ಆಡಿದವು.

ಮರುವರ್ಷದ ಸಭೆಯಲ್ಲಿ ಹುಲಿರಾಯ, "ಕೆರೆಯ ಪಾಲು ಇನ್ನು ಮಿಂಚಿಯ ಕೈಯಲ್ಲಿರಲಿ. ಅವಳ ಮೇಲೆ ನಮಗೆ ಪೂರ್ತಿ ನಂಬಿಕೆ" ಎಂದ.

ಮಿಂಚಿ ತಲೆಯಾಡಿಸಿದಳು. "ಬೇಡ ರಾಯರೇ, ನನ್ನನ್ನೂ ಹಾಗೆ ನಂಬಬೇಡಿ. ಪಾಲು ಕೊಡಿ, ಆಮೇಲೆ ಬಂದು ಕೆರೆಗಿಳಿದು ನೋಡಿ."

ನೀತಿ: ಎಲ್ಲರಿಗೂ ಬೇಕಾದ ನೀರು, ಕಾಡುಗಳಿಗೆ ಪಾಲು ಕೇಳಿ ಪಡೆದರಷ್ಟೇ ಸಾಲದು, ಆ ಪಾಲು ಅದೇ ಕೆಲಸಕ್ಕೆ ಹೋಯಿತೇ ಎಂದು ಕಣ್ಣಿಟ್ಟು ನೋಡಲೂ ಬೇಕು.